ಮೇಲಿನ ಮನೆಯ ಆಮಿ

ಬಾಡಿಗೆ ಮನೆ ಹುಡುಕುವವರು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಗಾಳಿ ಬೆಳಕು ಹೇಗೆ, ಬಸ್ ನಿಲ್ದಾಣ ಎಷ್ಟು ದೂರ ಎಂದೆಲ್ಲ ವಿಚಾರಿಸುತ್ತಾರೆ. ನಾನು ವಿಚಾರಿಸುವುದು ಒಂದೇ: ಮೆಟ್ಟಿಲು ಹೊರಗಿನಿಂದ ಇದೆಯೇ? ಮೇಲಿನ ಮನೆಗೆ ಹೋಗುವ ಮೆಟ್ಟಿಲು ಮಾಲೀಕರ ಪಡಸಾಲೆಯೊಳಗಿಂದ ಹಾದುಹೋದರೆ ದಿನಕ್ಕೆ ಕನಿಷ್ಠ ನಾಲ್ಕು ಸಲ ‘ಊಟ ಆತೇನ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಪ್ರಶ್ನೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ‘ಆತ್ರಿ’ ಎಂದರೆ ‘ಏನ ಮಾಡಿದ್ದಿ?’ ಎಂದು ಇನ್ನೊಂದು ಬರುತ್ತದೆ. ಅದಕ್ಕೂ ಉತ್ತರ ಕೊಟ್ಟರೆ ‘ಬರೇ ಅನ್ನಾ ಸಾರೇನ?’ ಎಂದು ಮೂರನೆಯದು. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುವವಳು. ಕೊನೆಯಿಲ್ಲದ ಶ್ರೇಣಿಗಳು ನನಗೆ ಕರಿಹಲಗೆಯ ಮೇಲೆ ಇಷ್ಟ, ಮೆಟ್ಟಿಲ ಬುಡದಲ್ಲಿ ಅಲ್ಲ.

ಹಾಗೆ ಹುಡುಕಿ ಬೆಳಗಾವಿಯ ಟಿಳಕವಾಡಿಯಲ್ಲಿ ಹಳೆಯ ಹಂಚಿನ ಮನೆಯೊಂದರ ಮೇಲಿನ ಎರಡು ಕೋಣೆ ಹಿಡಿದೆ. ಕಬ್ಬಿಣದ ಮೆಟ್ಟಿಲು, ಮನೆಯ ಹಿಂಬದಿಯಿಂದ. ಕೆಳಗೆ ಮಾಲೀಕರಾದ ಸುಮನ್ ಕಾಕು ಮತ್ತು ಅವರ ಯಜಮಾನರು, ನಮ್ಮೆಲ್ಲರ ಕಾಕಾ. ಕಾಕಾ ಭೂಮಾಪನ ಇಲಾಖೆಯಿಂದ ನಿವೃತ್ತರು. ಮನೆಮಾತು ಮರಾಠಿ; ನನ್ನೊಂದಿಗೆ ಕನ್ನಡ. ಕಾಕುವಿನ ಕನ್ನಡ ನಿರರ್ಗಳವಾದದ್ದು, ಆದರೆ ಗಂಡು, ಹೆಣ್ಣು, ವಸ್ತು ಎಂಬ ಭೇದವನ್ನು ಅದು ಮಾನ್ಯ ಮಾಡುವುದಿಲ್ಲ. ‘ನಮ್ಮ ಇವರು ಪೇಟೆಗೆ ಹೋಗೇತಿ’ ಎನ್ನುತ್ತಾರೆ. ‘ಗ್ಯಾಸ್ ಸಿಲಿಂಡರ್ ಬಂದಾನ’ ಎಂದೂ ಕೂಗುತ್ತಾರೆ. ನಗುವ ಅಧಿಕಾರ ನನಗಿಲ್ಲ. ನನ್ನ ಮರಾಠಿಯಲ್ಲಿ ಕ್ರಿಯಾಪದವೇ ಇರುವುದಿಲ್ಲ, ವಸ್ತುವಿನ ಹೆಸರು ಹೇಳಿ ಕೈ ತೋರಿಸುತ್ತೇನೆ. ಮೂರು ವರ್ಷಗಳಲ್ಲಿ ನಾವು ಆಡಿದ ಮಾತನ್ನೆಲ್ಲ ನೀರಿನ ಮೋಟರು, ಕೊರಿಯರ್, ಹಬ್ಬದ ಶುಭಾಶಯ ಎಂಬ ಮೂರು ತಲೆಬರಹಗಳ ಅಡಿಯಲ್ಲಿ ಜೋಡಿಸಿಡಬಹುದಿತ್ತು. ನಾನು ಸುಖವಾಗಿದ್ದೆ. ಹಾಗೆಂದು ತಿಳಿದಿದ್ದೆ.

ಕಳೆದ ವರ್ಷ ದೀಪಾವಳಿಗೆ ಮೊದಲು ಪರೀಕ್ಷೆಯ ಕೆಲಸದ ಮೇಲೆ ನಾಲ್ಕು ದಿನ ಖಾನಾಪುರಕ್ಕೆ ಹೋಗಿಬರಬೇಕಾಯಿತು. ಮಧ್ಯಾಹ್ನದ ಊಟಕ್ಕೆ ಕಾಲೇಜಿನ ಬಾಜು ಮನೆಯಲ್ಲಿ ಏರ್ಪಾಡಾಗಿತ್ತು. ಅದು ನಿವೃತ್ತ ದನದ ಡಾಕ್ಟರೊಬ್ಬರ ಮನೆ. ಉಳಿದವರು ಪಡಸಾಲೆಯಲ್ಲಿ ಕೂತು ಪ್ರಶ್ನೆಪತ್ರಿಕೆಯ ತಪ್ಪುಗಳನ್ನು ಎಣಿಸುವಾಗ ನಾನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಅಲ್ಲಿ ಅದು ಇತ್ತು. ಗೇಣಿಗಿಂತ ಸ್ವಲ್ಪ ಉದ್ದ, ಕಪ್ಪು ಚಿಪ್ಪು, ಕಾಲುಗಳ ಮೇಲೆ ಕುಂಕುಮದ ಬೊಟ್ಟು ಇಟ್ಟಂತೆ ಕೆಂಪು ಹುರುಪೆ. ಅದು ಕರಿಕೆ ಹುಲ್ಲು ತಿನ್ನುತ್ತಿತ್ತು. ನನ್ನನ್ನು ನೋಡಿತು. ಊಟ ಆಯಿತೇ ಎಂದು ಕೇಳಲಿಲ್ಲ. ಮತ್ತೆ ಹುಲ್ಲಿಗೆ ತಿರುಗಿತು. ಇಂಥ ಸಭ್ಯತೆಯನ್ನು ನಾನು ಮನುಷ್ಯರಲ್ಲಿ ಕಂಡದ್ದು ಕಡಿಮೆ. ನಾಲ್ಕೂ ದಿನ ನಾನು ಊಟದ ನಂತರದ ಇಪ್ಪತ್ತು ನಿಮಿಷವನ್ನು ಅದರ ಜೊತೆ ಕಳೆದೆ.

ಕೊನೆಯ ದಿನ ಡಾಕ್ಟರು ಬಾಗಿಲಿಗೆ ಬಂದು ನಿಂತು, ‘ಒಯ್ತೀರೇನು?’ ಎಂದರು. ಅವರ ಮಗಳು ತನ್ನ ದೊಡ್ಡ ನಾಯಿಯೊಂದಿಗೆ ತವರಿಗೆ ಬಂದು ನೆಲೆಸುವವಳಿದ್ದಳು. ಆ ನಾಯಿ ಆಮೆಯನ್ನು ಕಡಿಯಲು ಕೊಟ್ಟ ಆಟಿಕೆ ಎಂದೇ ತಿಳಿದಿತ್ತಂತೆ. ‘ಇದು ನಮ್ಮ ಅಡವ್ಯಾಗಿನ ಆಮಿ ಅಲ್ರಿ, ಅದನ್ನ ಮನ್ಯಾಗ ಇಟ್ಟುಕೊಂಡ್ರ ಕೇಸ ಆಗ್ತೈತಿ. ಇದು ಹೊರದೇಶದ ತಳಿ. ಅರಣ್ಯ ಇಲಾಖೆದಾಗ ನೋಂದಣಿ ಐತಿ. ಖರೇ ಮನಸ್ಸಿದ್ರ ಕಾಗದಾ ನಿಮ್ಮ ಹೆಸರಿಗೆ ಮಾಡಸೂಣು. ಆದ್ರ ಒಂದ ಮಾತು. ಆರ ವಾರ ಆದ ಮ್ಯಾಲೆ ನಾ ನೋಡಾಕ ಬರ್ತೇನಿ. ಸೊರಗಿತ್ತಂದ್ರ ವಾಪಸ ತರ್ತೇನಿ. ಆಮ್ಯಾಲೆ ನನ್ನ ಮ್ಯಾಲೆ ಸಿಟ್ಟಾಗಬಾರದು.’

ಜೀವನದಲ್ಲಿ ನಾನು ಯೋಚಿಸದೆ ‘ಹೂಂ’ ಎಂದದ್ದು ಅದೊಂದೇ ಸಲ. ಕಾಗದಪತ್ರ ಕೈಗೆ ಬಂದ ಮೇಲೆ ಒಂದು ರವಿವಾರ ಬಿದಿರಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಖಾನಾಪುರದಲ್ಲಿ ಬೆಳಗಾವಿಯ ಬಸ್ಸು ಹತ್ತಿ ಕೂತೆ. ಪಕ್ಕದ ಹೆಂಗಸು, ‘ಕೋಳಿ ಏನ್ರೀ?’ ಎಂದು ಕೇಳಿದಳು. ಅಲ್ಲ ಎಂದೆ. ‘ಮತ್ತ?’ ಎಂದಳು. ನಾನು ಕಿಟಕಿಯ ಹೊರಗೆ ನೋಡಿದೆ. ಬೆಳಗಾವಿ ಬರುವವರೆಗೂ ಆಕೆ ಬುಟ್ಟಿ ಕೂಗುವುದನ್ನೇ ಕಾಯುತ್ತಿದ್ದಳು.

ಅವ್ವನಿಗೆ ಮಾತ್ರ ಆಗಲೇ ಹೇಳಲಿಲ್ಲ. ಬೈಲಹೊಂಗಲದಲ್ಲಿರುವ ಅವ್ವ, ನಾನು ಹುಟ್ಟಿದಾಗಿನಿಂದ ನನ್ನ ಮೌನಕ್ಕೆ ಔಷಧ ಹುಡುಕುತ್ತಿರುವವಳು. ಮುಂದೆ ಗೊತ್ತಾದಾಗ ಆಕೆ ಅಂದದ್ದು ಇಷ್ಟು: ‘ಸಾಕೂದ ಸಾಕಿ, ಮಾತಾಡೂದನ್ನರ ಸಾಕಬಾರದೇನ?’

ಮನೆಯ ಏರ್ಪಾಡು ನಾನು ಪುಸ್ತಕ ಓದಿ, ಡಾಕ್ಟರು ಬರೆದುಕೊಟ್ಟ ಪಟ್ಟಿ ಇಟ್ಟುಕೊಂಡು, ಅಳತೆ ತಪ್ಪದಂತೆ ಮಾಡಿದ್ದೆ. ಹಲಗೆಯ ಅಗಲವಾದ ಪೆಟ್ಟಿಗೆ. ಅದರೊಳಗೆ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ ಬೆರೆಸಿ ನಾಲ್ಕು ಬೆರಳು ದಪ್ಪ ಹಾಸು. ಒಂದು ಮೂಲೆಗೆ ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರು, ಅದರ ಗದ್ದಕ್ಕಿಂತ ಮೇಲೆ ಬರದಷ್ಟು. ಕನ್ನಡದಲ್ಲಿ ಕೆರೆಯದ್ದಕ್ಕೂ ನೆಲದ್ದಕ್ಕೂ ಆಮೆ ಎಂಬ ಒಂದೇ ಮಾತಿರುವುದರಿಂದ ಕೇಳಿದವರೆಲ್ಲ ಬಕೆಟ್ಟಿನಲ್ಲಿ ಬಿಡಲು ಹೇಳುತ್ತಾರೆ; ನೆಲದ ಆಮೆ ಬಕೆಟ್ಟಿನಲ್ಲಿ ಮುಳುಗಿ ಸಾಯುತ್ತದೆ. ಇನ್ನು ಕೆಲವರು ಹಿತ್ತಾಳೆಯ ಆಮೆ ಮನಸ್ಸಿನಲ್ಲಿಟ್ಟುಕೊಂಡು ಉತ್ತರಕ್ಕೆ ಮುಖ ಮಾಡಿ ಇಡಲು ಹೇಳುತ್ತಾರೆ. ಇದು ಇಟ್ಟಲ್ಲಿ ಇರುವುದಿಲ್ಲ ಎಂದರೆ ಅವರಿಗೆ ಬೇಸರವಾಗುತ್ತದೆ. ಚಳಿಗೆ ಕೋಳಿಮರಿಗಳಿಗೆ ಹಾಕುವ ಬಲ್ಬು ತಂದೆ. ಅಂಗಡಿಯವನು, ‘ಎಷ್ಟ ಮರಿ ಅದಾವ್ರಿ?’ ಎಂದ. ಒಂದು ಎಂದೆ. ಅವನು ಬಹಳ ಮರುಕದಿಂದ, ‘ಉಳದದ್ದು ಒಂದೇ ಏನ್ರಿ?’ ಎಂದ. ಪೆಟ್ಟಿಗೆಯ ಎರಡು ತುದಿಗೆ ಎರಡು ಉಷ್ಣಮಾಪಕ, ಬೆಳಗಿನ ತೂಕಕ್ಕೆ ಅಡುಗೆಮನೆಯ ತಕ್ಕಡಿ, ಬರೆದಿಡಲು ಒಂದು ಪುಸ್ತಕ. ಮೊದಲ ದಿನ: ಎರಡು ಸಾವಿರದ ಆರುನೂರ ನಲವತ್ತು ಗ್ರಾಂ. ಎಲ್ಲ ಸರಿಯಾಗಿತ್ತು. ಆಮೆ ಮೂಲೆಗೆ ಮುಖ ಮಾಡಿ ಕೂತಿತು. ಮೆಂತ್ಯ, ರಾಜಗಿರಿ, ನುಗ್ಗೆಸೊಪ್ಪು ಯಾವುದನ್ನೂ ಮೂಸಲಿಲ್ಲ.

ಸಾಕುಪ್ರಾಣಿ ತಂದ ಮೇಲೆ ಮಾಲೀಕರಿಗೆ ತಿಳಿಸುವುದು ಬಾಡಿಗೆದಾರರ ಧರ್ಮ. ಎರಡು ದಿನ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಮೂರನೆಯ ದಿನ ಕಾಕು ತುಳಸಿಗೆ ನೀರು ಹಾಕುವಾಗ ಹೋಗಿ ನಿಂತೆ. ನಮ್ಮ ಕಡೆ ಮಾತಿನ ಕೊನೆಯ ಎಕಾರ ಇಕಾರವಾಗುತ್ತದೆ. ಮನೆ ಮನಿಯಾಗುತ್ತದೆ, ಆಮೆ ಆಮಿಯಾಗುತ್ತದೆ. ಬರೆಯುವಾಗ ನಾನು ಎಚ್ಚರವಾಗಿರುತ್ತೇನೆ, ಗಾಬರಿಯಾದಾಗ ಬಾಯಿಗೆ ಬರುವುದು ಬೈಲಹೊಂಗಲವೇ.

‘ಕಾಕು, ನಿಮಗೊಂದ ಮಾತ ಹೇಳೂದಿತ್ರಿ. ಇನ್ನ ಮುಂದ ಮ್ಯಾಲಿನ ಮನ್ಯಾಗ ನಾ ಒಬ್ಬಾಕಿನಽ ಅಲ್ರಿ. ಆಮಿ.’

ಕಾಕು ಚೊಂಬನ್ನು ಕಟ್ಟೆಯ ಮೇಲಿಟ್ಟರು. ‘ಆಮ್ಹಿ?’

‘ಹೌದ್ರಿ, ಆಮಿ. ನಿಮಗೇನೂ ಅಡ್ಡಿ ಇಲ್ಲಲ್ಲರಿ?’

‘ಯಾವಾಗಿಂದ?’

‘ರವಿವಾರದಿಂದ್ರಿ. ಖಾನಾಪುರದಿಂದ ಬಂದೈತಿ. ಡಾಕ್ಟರ ಮನ್ಯಾಗ ಬೆಳದದ್ದು.’

‘ಅಗಬಾಯಿ! ಡಾಕ್ಟರ ಮನಿ!’ ಕಾಕುವಿನ ಕಣ್ಣು ಅಗಲವಾಯಿತು. ಆಮೇಲೆ ಧ್ವನಿ ಇಳಿಸಿ, ‘ಮತ್ತ ಕಾಗದಾ ಗೀಗದಾ ಎಲ್ಲಾ?’ ಎಂದರು.

‘ಎಲ್ಲಾ ಪಕ್ಕಾ ಐತ್ರಿ. ರಜಿಸ್ಟರ್ ಆಗೇತಿ.’

‘ಮನಿಗೆ ಹೇಳಿ? ಅವ್ವಗ?’

‘ಇನ್ನೂ ಇಲ್ರಿ. ಸಾವಕಾಶ ಹೇಳ್ತೇನಿ. ನೀವೂ ಯಾರ ಮುಂದೂ ಅನಬ್ಯಾಡ್ರಿ. ಮಂದಿ ನೋಡಾಕ ಬರ್ತಾರ, ಗದ್ದಲ ಅದಕ್ಕ ಆಗಂಗಿಲ್ಲ.’

ಕಾಕು ನನ್ನ ತಲೆಯ ಮೇಲೆ ಕೈ ಇಟ್ಟರು. ಮೂರು ವರ್ಷಗಳಲ್ಲಿ ಮೊದಲ ಸಲ. ‘ಸುಖದಿಂದ ಇರು ಬಾಳ,’ ಎಂದರು, ಮಗುವನ್ನು ಕರೆಯುವ ಮರಾಠಿ ಮಾತಿನಲ್ಲಿ. ಒಂದು ಆಮೆಗೆ ಇಷ್ಟು ದೊಡ್ಡ ಮನಸ್ಸಿನ ಸ್ವಾಗತ ಸಿಕ್ಕಿತಲ್ಲ ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದೆ.

ಮರಾಠಿಯಲ್ಲಿ ಆಮ್ಹಿ ಎಂದರೆ ‘ನಾವು’. ಆಮೆಗೆ ಅವರು ಕಾಸವ ಎನ್ನುತ್ತಾರೆ. ಕಾಕುವಿಗೆ ಅಕ್ಕಿ ಬೇಳೆಯ ಕನ್ನಡ ಎಲ್ಲ ಗೊತ್ತು, ಆಮೆಯ ಕನ್ನಡ ಬೇಕಾದ ಪ್ರಸಂಗ ಅವರ ಬಾಳಿನಲ್ಲಿ ಬಂದಿರಲಿಲ್ಲ. ಅವರ ಕಿವಿಗೆ ಬಿದ್ದದ್ದು ಇದು: ಮೇಲೆ ಈಗ ನಾನೊಬ್ಬಳೇ ಅಲ್ಲ, ನಾವು, ಖಾನಾಪುರದವರು, ಡಾಕ್ಟರ ಮನೆತನ, ರಜಿಸ್ಟರ್ ಆಗಿದೆ, ಅವ್ವನಿಗೆ ಇನ್ನೂ ಗೊತ್ತಿಲ್ಲ. ‘ಬಂದೈತಿ’ ಎಂದು ನಾನು ಅಂದದ್ದು ಬೇರೆಯವರಿಗಾದರೆ ಖಟಕ್ಕನೆ ಕೇಳುತ್ತಿತ್ತು. ಕಾಕುವಿನ ಯಜಮಾನರು ಮೂವತ್ತೆಂಟು ವರ್ಷಗಳಿಂದ ಹೋಗೇತಿ, ಬಂದೈತಿ ಎಂದೇ ಇದ್ದಾರೆ. ಇದೆಲ್ಲ ನನಗೆ ಹೊಳೆಯಲು ಒಂಬತ್ತನೆಯ ದಿನ ಬರಬೇಕಾಯಿತು.

ಮರುದಿನ ಡಬ್ಬಿ ಬಂತು: ಎಂಟು ಚಪಾತಿ, ಬಟಾಟೆ ಪಲ್ಯ, ಎರಡು ಬಟ್ಟಲು ಶ್ರೀಖಂಡ. ‘ಇಷ್ಟ್ಯಾಕ್ರಿ ಕಾಕು?’ ಎಂದೆ. ‘ಇರಲಿ, ಇಬ್ಬರಿಗೆ ಬೇಕಲ್ಲ,’ ಎಂದರು. ಆಮೆ ಚಪಾತಿ ತಿನ್ನುವುದಿಲ್ಲ ಎಂದು ಹೇಳಿ ಆ ಔದಾರ್ಯವನ್ನು ಅವಮಾನಿಸಲು ಮನಸ್ಸಾಗಲಿಲ್ಲ. ಕೃತಜ್ಞತೆಯಿಂದ ಎಂಟನ್ನೂ ನಾನೇ ತಿಂದೆ. ಅದರ ಮರುದಿನವೂ ಎಂಟು. ಐದನೆಯ ದಿನ ಮೆಟ್ಟಿಲ ಬುಡದಲ್ಲಿ ಕಾಕು ಹಿಡಿದು ನಿಲ್ಲಿಸಿದರು.

‘ಸರಿಯಾಗಿ ಊಟಾ ಮಾಡತೈತೇನ?’

‘ಏನೂ ತಿನ್ನವಲ್ದ್ರಿ,’ ಎಂದೆ. ಯಾರಾದರೂ ಕೇಳಲಿ ಎಂದು ಕಾದಿದ್ದೆನೋ ಏನೋ, ಮಾತು ತಾನಾಗಿ ಬಂತು. ‘ಮೂಲ್ಯಾಗ ಗ್ವಾಡಿಗೆ ಮಾರಿ ಮಾಡಿ ಕುಂತಿರತೈತಿ. ನಾ ಒಳಗ ಹೋದ್ರ ತಲಿ ತಗ್ಗಸತೈತಿ.’

‘ನೀ ಏನರ ಬೈದೇನ?’

‘ಛೇ, ಬೈತೇನೇನ್ರಿ! ದಿನಾ ಉಗುರುಬೆಚ್ಚಗಿನ ನೀರಾಗ ಹದಿನೈದು ಮಿನಿಟ ಕುಂದರಸ್ತೇನಿ.’

ಕಾಕು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ‘ನೀನಽ? ದಿನಾ?’

‘ಹೂಂನ್ರಿ. ಡಾಕ್ಟರು ಹಂಗಽ ಬರದ ಕೊಟ್ಟಾರ. ಆಮ್ಯಾಲೆ ಮೆತ್ತನ್ನ ಅರಿವೀಲೆ ಒರಸಿ ಬಲ್ಬಿನ ಬುಡಕ ಬಿಡ್ತೇನಿ.’

ಅವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಅಷ್ಟು ದಯೆ ಇತ್ತು. ಬಡಪಾಯಿ ಆಮೆಯ ಮೇಲೆ ಇಂಥ ಅಂತಃಕರಣವೇ ಎಂದು ನಾನು ಬೆರಗಾದೆ. ‘ಪ್ರಕೃತಿ, ಅಂದ್ರ ಆರೋಗ್ಯಾ, ಬರೋಬರ ಇಲ್ಲ ಅನ್ನು,’ ಎಂದರು ಮೆಲ್ಲಗೆ. ‘ನೋಡಿ ಮಾಡಿಕೊಂಡೆಲ್ಲ ನೀ. ದೊಡ್ಡ ಮನಸ್ಸು.’

ಒಂಬತ್ತನೆಯ ದಿನದ ತೂಕ ಎರಡು ಸಾವಿರದ ಐನೂರ ನಲವತ್ತೈದು. ತೊಂಬತ್ತೈದು ಗ್ರಾಂ ಕಡಿಮೆ. ತರಗತಿಯಲ್ಲಾಗಿದ್ದರೆ ಇಂಥ ವ್ಯತ್ಯಾಸದ ಬಗ್ಗೆ ಆತುರದ ತೀರ್ಮಾನ ಬೇಡ ಎಂದು ಹೇಳುತ್ತಿದ್ದೆ. ಅಂದು ನಾನು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಡಾಕ್ಟರಿಗೆ ಫೋನ್ ಮಾಡಿದರೆ, ‘ಬಿಸಲಿಗೆ ಬಿಡ್ರಿ. ಬಲ್ಬು ಬಲ್ಬಽ, ಸೂರ್ಯಾ ಸೂರ್ಯಾನಽ. ಬಿಸಲಿಲ್ಲದ ಚಿಪ್ಪು ಮೆತ್ತಗಾಗ್ತೈತಿ,’ ಎಂದರು. ಬಿಸಿಲು! ನನ್ನ ಮನೆಗೆ ಪ್ರತ್ಯೇಕ ಮೆಟ್ಟಿಲಿತ್ತು, ಬಿಸಿಲಿರಲಿಲ್ಲ. ಕಿಟಕಿಗಳೆಲ್ಲ ಉತ್ತರಕ್ಕೆ, ಮೇಲೆ ತಾರಸಿ ಇಲ್ಲ, ಹಂಚು. ಮೂರು ವರ್ಷ ವಾಸವಾಗಿದ್ದರೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಬಿಸಿಲಿದ್ದದ್ದು ಕೆಳಗೆ, ಕಾಕುವಿನ ಮುಂದಿನ ಅಂಗಳದಲ್ಲಿ. ಅದನ್ನು ಕೇಳಬೇಕು. ಕೇಳಿದರೆ ದಿನವೂ ಅಲ್ಲಿಗೆ ಹೋಗಬೇಕು. ಹೋದರೆ ಮಾತಾಡಬೇಕು. ಕೇಳುವುದಕ್ಕಿಂತ ಖಾನಾಪುರಕ್ಕೆ ಮರಳಿಸಿ ಬರುವುದೇ ಸುಲಭ ಎಂದು ಒಂದು ಕ್ಷಣ ಯೋಚಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ; ಆದರೆ ಯೋಚಿಸಿದ್ದು ನಿಜ.

ಅಷ್ಟರಲ್ಲಿ ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಬಾಗಿಲು ತೆರೆದರೆ ಕಾಕು ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಮುಚ್ಚಿದ ಪಾತ್ರೆ ಹಿಡಿದು ನಿಂತಿದ್ದರು. ಹಿಂದೆ ಕಾಕಾ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಒಂದು ತೆಂಗಿನಕಾಯಿ ಸಮೇತ. ‘ಮೆತ್ತನ್ನ ಅನ್ನಾ, ತುಪ್ಪಾ. ಬ್ಯಾನ್ಯಾಗ ಇದ್ದವರಿಗೆ ಇದಽ ಛಲೋ,’ ಎಂದರು ಕಾಕು. ಒಳಗೆ ಬಂದು, ಮಲಗುವ ಕೋಣೆಯ ಹೊಸ್ತಿಲಲ್ಲೇ ನಿಂತು, ಒಳಗಿರುವವರಿಗೆ ಕೇಳಲೆಂದು ಮಧುರವಾಗಿ, ‘ಜಾವಈಬಾಪು!’ ಎಂದು ಕರೆದರು.

ಜಾವಈಬಾಪು ಎಂದರೆ ಅಳಿಯಂದಿರು. ಅಷ್ಟು ಮರಾಠಿ ನನಗೂ ಬರುತ್ತದೆ.

‘ಯಾರ್ರಿ?’ ಎಂದೆ.

‘ನಿಮ್ಮವರು.’

‘ನಮ್ಮವರು ಯಾರ್ರಿ?’

‘ಹೇ ಬಘಾ!’ ಎಂದು ಕಾಕು ಗಂಡನ ಕಡೆ ತಿರುಗಿದರು. ಆಮೇಲೆ ನನಗೆ, ‘ನೀನಽ ಅಂದೆಲ್ಲ, ಮನ್ಯಾಗ ಈಗ ಆಮ್ಹಿ ಅಂತ!’

‘ಆಮಿ ಅಂದೆ ಕಾಕು. ಆಮಿ!’

‘ಅದನ್ನಽ ನಾನೂ ಅನ್ನೂದು. ಆಮ್ಹಿ!’

ಇದು ಹೀಗೆಯೇ ಇನ್ನಷ್ಟು ಹೊತ್ತು ನಡೆಯುತ್ತಿತ್ತು. ಕಾಕಾ ಮಾತ್ರ ನಮ್ಮಿಬ್ಬರನ್ನೂ ಬಿಟ್ಟು ಪೆಟ್ಟಿಗೆಯೊಳಗೆ ಬಗ್ಗಿ ನೋಡುತ್ತಿದ್ದರು. ಹಳ್ಳಿ ಹಳ್ಳಿ ಸುತ್ತಿ ಹೊಲ ಅಳೆದವರಿಗೆ ಎರಡೂ ಭಾಷೆಯಲ್ಲಿ ಜೀವಜಂತುಗಳ ಹೆಸರು ಗೊತ್ತಿರುತ್ತವೆ. ಅವರು ನೆಟ್ಟಗೆ ನಿಂತು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ, ‘ಸುಮನ, ಕನ್ನಡದಾಗ ಆಮಿ ಅಂದ್ರ ಕಾಸವ,’ ಎಂದರು.

ಕಾಕು ಬಂದು ಬಗ್ಗಿ ನೋಡಿದರು. ಬಲ್ಬಿನ ಕೆಳಗೆ ಅಳಿಯಂದಿರು ಮೂಲೆಗೆ ಮುಖ ಮಾಡಿ ಕೂತಿದ್ದರು. ಆಮೇಲೆ ಕಾಕು ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ನೆಲದ ಮೇಲೆ ಕೂತು ನಗಲು ಶುರು ಮಾಡಿದರು. ‘ಅಂಘೋಳ ಮಾಡಸ್ತಾಳಂತ! ಅರಿವೀಲೆ ಒರಸ್ತಾಳಂತ! ದೇವಾ, ನಾ ನಾಕ ದಿನಾ ಈಕೀ ಸಲುವಾಗಿ ಗಣಪತಿ ಮುಂದ ಅತ್ತೇನಲ್ಲೋ!’ ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಕೇಳಿದರು: ‘ಖರೇನಽ ಏನೂ ತಿನ್ನವಲ್ದೇನ ಇದು?’

ತಿನ್ನುತ್ತಿಲ್ಲ, ಬಿಸಿಲು ಬೇಕು, ಡಾಕ್ಟರು ಬಂದು ವಾಪಸು ಒಯ್ಯುತ್ತಾರೆ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅಂಗಳ ಕೇಳಬೇಕೆಂದಿದ್ದೆ ಎಂಬುದನ್ನು ಮಾತ್ರ ಹೇಳಲಾಗಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

‘ಹುಚ್ಚಿ,’ ಎಂದರು ಕಾಕು. ‘ಕೆಳಗ ಅಷ್ಟ ಬಿಸಲು ಬಿದ್ದೈತಿ. ನಾವೇನ ಹಪ್ಪಳಾ ಹಾಕಾಕತ್ತೀವಿ?’

ಮುಂದಿನ ಮೂರು ದಿನಗಳನ್ನು ನಾನು ಜೀವನದುದ್ದಕ್ಕೂ ನೆನೆಯುತ್ತೇನೆ. ಕಾಕಾ ಅಟ್ಟದಿಂದ ಹಳೆಯ ಟೇಪು, ಗೂಟ, ದಾರ ಇಳಿಸಿದರು. ಪೂರ್ವದ ಕಂಪೌಂಡಿಗೆ ಹತ್ತಿ ಹತ್ತು ಅಡಿ ಉದ್ದ, ಐದು ಅಡಿ ಅಗಲದ ಜಾಗ ಗುರುತಿಸಿ, ಸೂರ್ಯ ಯಾವ ಹೊತ್ತಿಗೆ ಎಲ್ಲಿ ಬರುತ್ತಾನೆ ಎಂದು ನೆರಳಿನ ಮೇಲೆ ಗೆರೆ ಎಳೆದರು. ‘ಎಂಟರಿಂದ ಹತ್ತೂವರಿ ತನಕ ಪೂರಾ ಬಿಸಲು. ಆಮ್ಯಾಲೆ ದಾಸವಾಳದ ನೆರಳು,’ ಎಂದರು. ನಾನು ಉಷ್ಣಾಂಶ ಹೇಳಿದೆ. ಅವರು ಕೋನ ಹೇಳಿದರು. ಇಡೀ ನೌಕರಿಯಲ್ಲಿ ಯಾರೂ ತಮ್ಮ ಅಳತೆಯನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ ಎಂದು ಆಮೇಲೆ ಕಾಕುವಿನ ಮುಂದೆ ಅಂದರಂತೆ. ಯಾರೊಂದಿಗೂ ಸರಾಗವಾಗಿ ಮಾತಾಡಲಾರೆ ಎಂದುಕೊಂಡಿದ್ದ ನಾನು ಬರೀ ಅಂಕಿಗಳಲ್ಲಿ ಎರಡು ತಾಸು ಹರಟಿದ್ದೆ. ಉಳಿದಿದ್ದ ಜಂಬಿಟ್ಟಿಗೆ ಕಲ್ಲಿನಿಂದ ಮೊಣಕಾಲೆತ್ತರದ ಗೋಡೆ ಎದ್ದಿತು. ಆಮೆ ಬುಡ ತೋಡಿಕೊಂಡು ಹೋಗದಂತೆ ಕಲ್ಲನ್ನು ಒಂದು ಗೇಣು ನೆಲದೊಳಗೂ ಇಳಿಸಿದರು. ಕಾಗೆ, ಬೆಕ್ಕು, ಮುಂಗುಸಿಗಳಿಗೆಂದು ಮೇಲೆ ಜಾಳಿಗೆ. ಖಾನಾಪುರದ ಕುಂಬಾರರು ಮಾಡಿದ ದೊಡ್ಡ ಹರವಿಯೊಂದು ಸೀಳುಬಿಟ್ಟು ಮೂಲೆಯಲ್ಲಿತ್ತು. ಕಾಕು ಅದನ್ನು ಅಡ್ಡ ಮಲಗಿಸಿ, ಅರ್ಧ ಮಣ್ಣಲ್ಲಿ ಹೂತು, ಒಳಗೆ ಒಣ ಎಲೆ ತುಂಬಿ, ‘ಇದು ಅದರ ಖೋಲಿ,’ ಎಂದರು. ಅರ್ಧ ಜಾಗಕ್ಕೆ ಕರಿಕೆ ನೆಟ್ಟರು. ಚಳಿ ಬಿದ್ದ ಸಂಜೆ ಆಮೆಯನ್ನು ಮೇಲೆ ಬಲ್ಬಿನ ಪೆಟ್ಟಿಗೆಗೆ ಒಯ್ಯುವುದು ನನ್ನ ಪಾಲಿಗೆ ಬಂತು.

ಮೊದಲ ಬೆಳಿಗ್ಗೆ ಆಮೆ ಹರವಿಯೊಳಗೆ ಹೋಗಿ ಕೂತಿತು. ನಾವು ಮೂವರೂ ಜಾಳಿಗೆ ಸರಿಸಿ ಗೋಡೆಯ ಸುತ್ತ ಬಗ್ಗಿ ನಿಂತಿದ್ದೆವು. ಕಾಕು ಪೂಜೆಗೆಂದು ಕೊಯ್ದ ದಾಸವಾಳ ಬುಟ್ಟಿಯಿಂದ ಜಾರಿ ಒಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವರು ಕೈ ಚಾಚುವಷ್ಟರಲ್ಲಿ ಹರವಿಯಿಂದ ಒಂದು ಮೂಗು ಬಂತು, ಆಮೇಲೆ ಕುತ್ತಿಗೆ, ಆಮೇಲೆ ಎರಡು ಕೆಂಪು ಕಾಲು. ಅದು ನಡೆದುಕೊಂಡು ಬಂದು ಹೂವಿನ ಎಸಳು ಕಚ್ಚಿತು. ಹನ್ನೆರಡು ದಿನಗಳ ನಂತರ.

‘ಗಣಪತಿ ಹೂವಾ ತಿಂತಲ್ಲೋ!’ ಎಂದು ಕಾಕು ಕೂಗಿ, ಕೂಡಲೇ ಬಾಯಿಗೆ ಕೈ ಇಟ್ಟುಕೊಂಡು, ‘ತಿನ್ನಲಿ, ತಿನ್ನಲಿ. ಗಣಪತಿಗೆ ಇನ್ನೊಂದ ಐತಿ,’ ಎಂದು ಪಿಸುಗುಟ್ಟಿದರು. ನಾನು ಪುಸ್ತಕದಲ್ಲಿ ‘8.40, ದಾಸವಾಳ, ಒಂದು, ಪೂರ್ತಿ’ ಎಂದು ಬರೆದು, ‘ಪೂರ್ತಿ’ಯ ಕೆಳಗೆ ಎರಡು ಗೆರೆ ಎಳೆದೆ. ಅಂಕಿಅಂಶದ ಪುಸ್ತಕದಲ್ಲಿ ಗೆರೆ ಎಳೆಯಬಾರದು. ವಿದ್ಯಾರ್ಥಿಗಳಿಗೆ ಇದಕ್ಕೆ ಅಂಕ ಕಳೆಯುತ್ತೇನೆ.

ಆರು ವಾರ ಮುಗಿದ ರವಿವಾರ ಡಾಕ್ಟರು ಚೀಲದಲ್ಲಿ ಕೊಕ್ಕೆಯ ತಕ್ಕಡಿ ಹಾಕಿಕೊಂಡು ಬಂದರು. ನಾನು ರಾತ್ರಿಯೇ ಪುಸ್ತಕವನ್ನು ಎರಡು ಸಲ ತಿರುವಿ ನೋಡಿದ್ದೆ. ತೂಕ ಮೊದಲಿನ ಮಟ್ಟಕ್ಕೆ ಬಂದು, ಅದನ್ನೂ ದಾಟಿ ಏರುತ್ತಲೇ ಇತ್ತು. ಒಳ್ಳೆಯ ಲಕ್ಷಣವೆಂದೇ ನಂಬಿದ್ದೆ. ಅವರು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಆಮೆಯ ಕಣ್ಣು ನೋಡಿದರು, ಮೂಗು ನೋಡಿದರು, ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದರು, ಹಿಂಗಾಲು ಎಳೆದು ಅದು ಮರಳಿ ಎಳೆದುಕೊಳ್ಳುವ ಜೋರು ನೋಡಿದರು. ಕೊಕ್ಕೆಗೆ ಚೀಲ ತೂಗು ಹಾಕಿದರು. ಹುಬ್ಬು ಗಂಟಿಕ್ಕಿತು. ನನ್ನ ಪುಸ್ತಕ ಕೇಳಿ ತೆಗೆದುಕೊಂಡು ಪುಟ ತಿರುವಿದರು. ಕಾಕು ನನ್ನ ಮೊಣಕೈ ಹಿಡಿದಿದ್ದರು. ಯಾರು ಯಾರಿಗೆ ಧೈರ್ಯ ಕೊಡುತ್ತಿದ್ದೆವೋ ತಿಳಿಯುತ್ತಿರಲಿಲ್ಲ.

‘ಬಾಯಾರ, ನಿಮ್ಮ ಲೆಕ್ಕಾ ಬರೋಬರ ಐತೇನು?’

‘ಗ್ರಾಂ ಗ್ರಾಂ ಬರದೇನ್ರಿ.’

‘ಹಂಗಾದ್ರ ಇಲ್ಲಿ ಬರದಷ್ಟು ತಿಂದು ಯಾವ ಆಮೀನೂ ಇಷ್ಟ ತೂಕಾ ಆಗಂಗಿಲ್ಲ. ಎರಡು ಕಿಲೋ ಒಂಬೈನೂರು! ಇದಕ್ಕ ಯಾರೋ ಮದವಿ ಮನ್ಯಾಗಿನಂಗ ಬಡಸ್ಯಾರ.’

ಕಾಕು ನನ್ನ ಮೊಣಕೈ ಬಿಟ್ಟರು. ಕಾಕಾ ದಾಸವಾಳದ ಗಿಡವನ್ನು ಹೊಸದಾಗಿ ಕಂಡವರಂತೆ ನೋಡತೊಡಗಿದರು. ‘ಪೇಪರ್ ಓದುವಾಗ ಒಂದ ಸಣ್ಣ ಹೋಳು ಪಪಾಯಿ,’ ಎಂದರು ಕೊನೆಗೆ. ‘ದಿನಾ ಅಲ್ಲ.’ ‘ದಿನಾ!’ ಎಂದರು ಕಾಕು. ‘ನೀನೇನ ಕಮ್ಮಿ? ಬಾಳೆಹಣ್ಣ ಯಾರ ಕೊಟ್ರು?’ ಎಂದರು ಕಾಕಾ. ಗೋಡೆಯಾಚೆಯಿಂದ ಇಣುಕುತ್ತಿದ್ದ ಎದುರು ಮನೆಯವರು, ತಾವು ಕೊಟ್ಟದ್ದು ಬರೀ ಸೌತೆಕಾಯಿ, ಅದೂ ಸಿಪ್ಪೆ ತೆಗೆದು, ಎಂದು ಯಾರೂ ಕೇಳದೆಯೇ ಒಪ್ಪಿಕೊಂಡರು. ನನ್ನ ಪುಸ್ತಕ ಗ್ರಾಮಿಗೆ ಗ್ರಾಂ ಸರಿಯಾಗಿತ್ತು. ನಿಜ ಸಂಗತಿಯೊಂದಿಗೆ ಅದಕ್ಕೆ ಸಂಬಂಧವೇ ಇರಲಿಲ್ಲ. ಯಾರಿಗೂ ಹೇಳಬೇಡಿ ಎಂದು ನಾನು ತಂದ ಪ್ರಾಣಿಗೆ ಇಡೀ ಓಣಿ ಉಣಿಸಿತ್ತು.

ಡಾಕ್ಟರು ಆಮೆಯನ್ನು ಎತ್ತಿಕೊಂಡರು. ಅದನ್ನು ತಂದಿದ್ದ ಬಿದಿರಿನ ಬುಟ್ಟಿ ಪಕ್ಕದಲ್ಲೇ ಇತ್ತು. ಅವರ ಕೈ ಯಾವ ಕಡೆ ಹೋಗುತ್ತದೆ ಎಂದು ನಾವೆಲ್ಲ ನೋಡುತ್ತಿದ್ದೆವು. ಅದು ಬುಟ್ಟಿಯನ್ನು ದಾಟಿ ಹೋಗಿ, ಆಮೆಯನ್ನು ಕರಿಕೆಯ ಮೇಲೆ ಇಟ್ಟಿತು. ‘ಹಣ್ಣು ವಾರಕ್ಕ ಒಂದ ಸಲ. ಇಲ್ಲಾಂದ್ರ ಚಿಪ್ಪು ಬಿಗಿ ಆಗ್ತೈತಿ ಇದಕ್ಕ. ಬಾಕಿ ಎಲ್ಲಾ ಛಲೋ ಐತಿ. ಇಲ್ಲೇ ಇರಲಿ.’

ನಾನು ಏನಾದರೂ ಹೇಳಬೇಕಿತ್ತು. ಮೂವರಿಗೂ ಹೇಳಬೇಕಿತ್ತು. ಕೈ ತೊಳೆಯಲು ನೀರು ತಂದುಕೊಟ್ಟೆ. ಡಾಕ್ಟರು ಕೈ ತೊಳೆಯುತ್ತ ನನ್ನ ಮುಖವನ್ನೇ ನೋಡಿದರು. ‘ಆಮಿದು ಚಿಂತಿ ಇಲ್ರಿ. ನಿಮ್ಮದು ಐತಿ. ಕಣ್ಣಿನ ಬುಡಕ ನೋಡ್ರಿ, ಬೆಳ್ಳಗ. ಕಡೀಕ ಯಾವಾಗ ಬಿಸಲಿಗೆ ಕುಂತಿದ್ರಿ?’ ನಾನು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ‘ಮುಂಜಾನಿ ಒಂದ ತಾಸು ಬಿಸಲು. ಹಸರ ತಪ್ಪಲ ಪಲ್ಯಾ. ಸ್ವಲ್ಪ ಅಡ್ಡಾಡೂದು.’ ತಾವು ನೋಡುವುದು ದನಗಳನ್ನಲ್ಲವೇ ಎಂದು ನಾನು ವಿನಯವಾಗಿ ನೆನಪಿಸಿದೆ. ‘ಹೌದ್ರಿ,’ ಎಂದರು ಅವರು, ಟಾವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ. ‘ಬಾಯಿ ಬಿಟ್ಟ ಹೇಳಲಾರದವರನ್ನ ನೋಡೂದಽ ನನ್ನ ಕೆಲಸಾ.’

ಡಾಕ್ಟರ ಬಸ್ಸು ಇನ್ನೂ ಖಾನಾಪುರ ಮುಟ್ಟಿರಲಿಕ್ಕಿಲ್ಲ, ಅಂಗಳದಲ್ಲಿ ನನ್ನ ಹೆಸರಿಗೊಂದು ಖುರ್ಚಿ ಬಿದ್ದಿತ್ತು. ಈಗ ಕಾಲೇಜಿಗೆ ರಜೆಯ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಹೋಗಿ ಕೂರುತ್ತೇನೆ. ಕಾಕು ಮೆಂತ್ಯದ ಪಲ್ಯ ಭಾಕರಿ ತಂದುಕೊಟ್ಟು, ಊಟ ಆಯಿತೇ, ಏನು ಮಾಡಿದ್ದೆ, ಬರೀ ಅದೇ ಏನು ಎಂದು ಎಲ್ಲವನ್ನೂ ಕ್ರಮವಾಗಿ ಕೇಳುತ್ತಾರೆ; ನಾನೂ ಕ್ರಮವಾಗಿ ಹೇಳುತ್ತೇನೆ. ಕಾಕಾ ನೆರಳಿನ ಗೆರೆ ಸರಿದಂತೆ ಖುರ್ಚಿ ಸರಿಸುತ್ತಾರೆ. ಆಮೆ ತನಗೆ ಸಾಕಾದಾಗ ಯಾರ ಅಪ್ಪಣೆಯೂ ಬೇಡದೆ ತನ್ನ ಖೋಲಿಗೆ ಹೋಗುತ್ತದೆ. ಡಾಕ್ಟರು ಬರೆದದ್ದು ಒಂದು ತಾಸು. ಎರಡನೆಯ ತಾಸನ್ನು ನಾನೇ ಸೇರಿಸಿಕೊಂಡಿದ್ದೇನೆ. ಅದನ್ನು ಯಾರಿಗೂ ಹೇಳಿಲ್ಲ.